ರಾಜಿ ಮಾಡಿಸಿ ಕಳುಹಿಸುವುದು ನಿಲ್ಲಲಿ



"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಹಿಂದಿನವರು ಹೇಳಿದ್ದು ಜಗಳಕ್ಕೆ. ಸಾರಿಗೆ ಉಪ್ಪು ಹೆಚ್ಚಾಯಿತು, ತವರಿಗೆ ಹೋಗಲು ಬಿಡಲಿಲ್ಲ, ಇಂಥ ಮಾತಿನ ಜಗಳಕ್ಕೆ. ಕೆನ್ನೆ ಊದಿ ಕಣ್ಣು ಮುಚ್ಚಿಹೋದವಳಿಗೆ, ಸೌದೆಯಲ್ಲಿ ಹೊಡೆಸಿಕೊಂಡ ತೋಳಿನಲ್ಲೇ ಮರುದಿನ ಎಲೆ ಕಿತ್ತು ತೂಕ ತುಂಬಿಸುವವಳಿಗೆ ಈ ಗಾದೆ ಹೇಳುವುದು ಅನ್ಯಾಯ. ಅದು ಜಗಳವಲ್ಲ, ಹೊಡೆತ. ಜಗಳಕ್ಕೆ ಇಬ್ಬರು ಬೇಕು, ಹೊಡೆತಕ್ಕೆ ಒಬ್ಬನೇ ಸಾಕು.

ಆದರೂ ನೀಲಗಿರಿಯ ಗೂಡಲೂರು, ಪಂದಲೂರು ಕಡೆಯ ತೋಟಗಳಿರಲಿ, ವಯನಾಡಿನ ಮಾನಂತವಾಡಿ ಕಡೆಯವಿರಲಿ, ಇಂಥ ಸೋದರಿ ದೇವಾಲಯದ ಬಾಗಿಲಿಗೆ ಬಂದರೆ ಆಗುವುದೇನು? ಭಾನುವಾರ ಪೂಜೆ ಮುಗಿದ ಮೇಲೆ ನಾಲ್ಕು ಜನ ಹಿರಿಯರು ಕೂರುತ್ತಾರೆ. ಗಂಡ ಹೆಂಡತಿ ಇಬ್ಬರನ್ನೂ ಒಂದೇ ಬೆಂಚಿಗೆ ಕರೆಸುತ್ತಾರೆ. "ಏನಮ್ಮಾ, ಹೇಳು" ಎನ್ನುತ್ತಾರೆ. ಹೊಡೆದವನು ಒಂದು ಮೊಳ ದೂರದಲ್ಲಿ ಕೂತಿರುವಾಗ ಅವಳು ಹೇಳುವುದೇನು? ನಿಜ ಹೇಳಿದರೆ ರಾತ್ರಿ ಅದಕ್ಕೂ ಸೇರಿಸಿ ಏಟು ತಿನ್ನಬೇಕು. ಸುಮ್ಮನಿದ್ದರೆ, "ನೋಡಿ, ಅವಳದ್ದೇನೂ ದೂರಿಲ್ಲ" ಎಂದಾಗುತ್ತದೆ. ಕೊನೆಗೆ ಒಂದು ಪ್ರಾರ್ಥನೆ ಹೇಳಿಸಿ, "ಹೊಂದಿಕೊಂಡು ಹೋಗಮ್ಮಾ" ಎಂದು ಅದೇ ಮನೆಗೆ ಕಳುಹಿಸುತ್ತಾರೆ. ಇದಕ್ಕೆ ರಾಜಿ ಎಂದು ಹೆಸರು! ಕೂಲಿ ಹಿಡಿದ ಮ್ಯಾನೇಜರನ ಪಕ್ಕದಲ್ಲಿ ಕೂಲಿಯವನನ್ನು ಕೂರಿಸಿ "ಹೊಂದಿಕೊಂಡು ಹೋಗಪ್ಪಾ" ಎಂದರೆ ನಮ್ಮ ಯೂನಿಯನ್ ಒಪ್ಪುತ್ತದೆಯೇ?

"ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಅಷ್ಟೊಂದು ಇಲ್ಲ" ಎನ್ನುವವರಿದ್ದಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 38 ಮಂದಿ, ನಮ್ಮ ನೆಂಟರಿಷ್ಟರಿರುವ ಕರ್ನಾಟಕದಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಕಂಡವರು. ಹಿಂಸೆ ಕಂಡವರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ದೇಶದಲ್ಲಿ ನೂರಕ್ಕೆ 14 ಮಾತ್ರ. ನಮ್ಮ ಲೈನುಮನೆಗಳ ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯ ಕೆಮ್ಮೂ ಕೇಳುತ್ತದೆ. ಹೊಡೆತದ ಸದ್ದು ಮಾತ್ರ ಕೇಳಲಿಲ್ಲವೆಂದರೆ ನಂಬುವುದು ಹೇಗೆ?

ಇನ್ನು ಕುಡಿತದ ನೆಪ. "ಪಾಪ, ಒಳ್ಳೆಯವನೇ, ಕುಡಿದಾಗ ಮಾತ್ರ ಹಾಗೆ" ಎಂಬ ಮಾತು ಪ್ರತಿ ಲೈನಿನಲ್ಲೂ ಇದೆ. 2003ರಿಂದ ತಮಿಳುನಾಡಿನಲ್ಲಿ ಸರ್ಕಾರವೇ ಸಾರಾಯಿ ಅಂಗಡಿ ನಡೆಸುತ್ತಿದೆ. ಆ ಅಂಗಡಿಗಳನ್ನು ಮುಚ್ಚಿಸುವ ಹೋರಾಟಕ್ಕೆ ನಾವೂ ಬರುತ್ತೇವೆ. ಆದರೆ ಒಂದು ಪ್ರಶ್ನೆ. ಕುಡಿದವನು ದಾರಿಯಲ್ಲಿ ಎದುರಾದ ಮೇಸ್ತ್ರಿಗೆ ಹೊಡೆಯುತ್ತಾನೆಯೇ? ರೈಟರ್‌ಗೆ ಹೊಡೆಯುತ್ತಾನೆಯೇ? ಅವರಿಗೆ ಕೈ ಮುಗಿದು, ಮನೆ ಬಾಗಿಲು ಹಾಕಿದ ಮೇಲೆ ಕೈ ಎತ್ತುತ್ತಾನೆ. ಯಾರಿಗೆ ಹೊಡೆದರೆ ಕೇಳುವವರಿಲ್ಲ ಎಂಬ ಲೆಕ್ಕ ಅವನಿಗೆ ಅಮಲಿನಲ್ಲೂ ತಪ್ಪುವುದಿಲ್ಲ.

ಉಪದೇಶದ ಕೆಲಸ ಮಾಡುವ ನಮಗೆ ಅತಿ ಹೆಚ್ಚು ನೋವು ಕೊಡುವುದು ಬೈಬಲನ್ನೇ ದೊಣ್ಣೆ ಮಾಡಿಕೊಳ್ಳುವುದು. ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಎಂದು ಸಂತ ಪೌಲರು ಎಫೆಸಿಯರಿಗೆ ಬರೆದದ್ದು ಎಲ್ಲ ಗಂಡಸರಿಗೂ ಬಾಯಿಪಾಠ. ಅದರ ಹಿಂದಿನ ವಾಕ್ಯದಲ್ಲೇ ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಬೇಕೆಂದು ಇದೆ. ಮುಂದೆ, ಕ್ರಿಸ್ತರು ಸಭೆಗಾಗಿ ಪ್ರಾಣ ಕೊಟ್ಟಂತೆ ಗಂಡ ಹೆಂಡತಿಯನ್ನು ಪ್ರೀತಿಸಬೇಕೆಂದು ಇದೆ. ಅದು ಯಾರಿಗೂ ನೆನಪಿಲ್ಲ. ಹೆಂಡತಿಯನ್ನು ಗೌರವದಿಂದ ಕಾಣದವನ ಪ್ರಾರ್ಥನೆಗೇ ಅಡ್ಡಿಯಾಗುತ್ತದೆ ಎಂಬ ಅರ್ಥದ ಮಾತು ಸಂತ ಪೇತ್ರರ ಮೊದಲ ಪತ್ರದ ಮೂರನೇ ಅಧ್ಯಾಯದಲ್ಲಿದೆ. ಅದನ್ನು ಯಾವ ಮದುವೆಯಲ್ಲಿ ಓದಿದ್ದಾರೆ?

"ಇದು ನಿನ್ನ ಶಿಲುಬೆ, ಹೊತ್ತುಕೋ" ಎನ್ನುವವರಿಗೂ ಒಂದು ಮಾತು. ಪ್ರಭು ತಾವೇ ಶಿಲುಬೆ ಹೊತ್ತರೇ ಹೊರತು ಇನ್ನೊಬ್ಬರ ಹೆಗಲಿಗೆ ಏಟನ್ನು ಹೊರಿಸಲಿಲ್ಲ. ಕಲ್ಲು ಹಿಡಿದು ಬಂದ ಗಂಡಸರ ಕೈಯಿಂದ ಒಬ್ಬ ಹೆಣ್ಣನ್ನು ಬಿಡಿಸಿದರು.

ಬಿಟ್ಟು ಬಂದರೆ ವಿವಾಹ ಸಂಸ್ಕಾರಕ್ಕೆ ದ್ರೋಹವೆಂದು ಹೆದರಿಸುವುದೂ ತಪ್ಪು. 1983ರ ಧರ್ಮಸಭೆಯ ಕಾನೂನಿನ 1153ನೇ ಕಲಮು ಹೇಳುವುದಿಷ್ಟು: ದೇಹಕ್ಕೋ ಮನಸ್ಸಿಗೋ ದೊಡ್ಡ ಅಪಾಯ ತರುವ ಸಂಗಾತಿಯಿಂದ ಬೇರೆ ಇರಬಹುದು, ತಡಮಾಡಿದರೆ ಅಪಾಯವೆಂದಾದರೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಮದುವೆಯ ಬಂಧ ಮುರಿಯಿತೆಂದಲ್ಲ, ಜೀವ ಉಳಿಸಿಕೊಳ್ಳುವುದು ಪಾಪವಲ್ಲವೆಂದು. ಹೆಂಗಸನ್ನೂ ಮಕ್ಕಳನ್ನೂ ಹಿಂಸೆಯಿಂದ ಕಾಪಾಡಲು ಬೇರೆಯಾಗುವುದು ಕೆಲವೊಮ್ಮೆ ನೀತಿಯ ದೃಷ್ಟಿಯಿಂದಲೇ ಅಗತ್ಯವೆಂಬ ಮಾತನ್ನು ಪೋಪ್ ಫ್ರಾನ್ಸಿಸರು 2016ರಲ್ಲಿ ಒಪ್ಪಿ ಬರೆದರು.

ಆದರೆ ತೋಟದ ಹೆಂಗಸನ್ನು ಕಟ್ಟಿಹಾಕುವುದು ಧರ್ಮಕ್ಕಿಂತ ಹೆಚ್ಚಾಗಿ ಮನೆ. ಲೈನುಮನೆ ತೋಟದ್ದು, ಬಹಳ ಕಡೆ ಗಂಡನ ಹೆಸರಿನಲ್ಲಿದೆ. ಹೊರಗೆ ಕಾಲಿಟ್ಟರೆ ಮಕ್ಕಳೊಡನೆ ಎಲ್ಲಿಗೆ? ಇಲ್ಲಿ ಕಾನೂನು ತಿಳಿದಿರಬೇಕು. 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ, ಮನೆ ಅವಳ ಹೆಸರಿನಲ್ಲಿ ಇರಲಿ ಇಲ್ಲದಿರಲಿ, ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ಹೊಡೆಯುವವನನ್ನೇ ಹೊರಗೆ ಹೋಗು ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆಯ ದಿನ ಗೊತ್ತುಮಾಡುವುದು ವಾಡಿಕೆಯಾಗಬೇಕೆಂದೂ ಅದರಲ್ಲಿದೆ. ಅವಳ ಸಂಬಳ ಕಿತ್ತುಕೊಳ್ಳುವುದು, ಏ.ಟಿ.ಎಂ. ಕಾರ್ಡು ಬಚ್ಚಿಡುವುದು ಸಹ ಈ ಕಾಯಿದೆಯ ಕೆಳಗೆ ದೌರ್ಜನ್ಯವೇ. ಪಕ್ಕದ ಮನೆಯವರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ. ಯಾವ ಹೊತ್ತಿಗೂ 181ಕ್ಕೆ ಫೋನು ಮಾಡಬಹುದು. ಹೆಂಗಸರಿಗೆ ಸರ್ಕಾರದ ಉಚಿತ ವಕೀಲರ ನೆರವಿದೆ, ವರಮಾನ ಎಷ್ಟೆಂದು ಕೇಳುವುದಿಲ್ಲ.

ಕಾಯಿದೆ ಇದ್ದರೆ ಸಾಲದು, ಪಂದಲೂರಿನಿಂದ ಊಟಿಯ ಕಛೇರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಆ ಕೂಲಿಯನ್ನೂ ಬಸ್ಸಿನ ಚಾರ್ಜನ್ನೂ ಯೂನಿಯನ್ ನಿಧಿ ಕೊಡಲಿ. ಮನೆ ವಿಷಯದಲ್ಲಿ ಮ್ಯಾನೇಜ್‌ಮೆಂಟ್ ತಕರಾರು ತೆಗೆದರೆ ಯೂನಿಯನ್ ಅವಳ ಪಕ್ಕ ನಿಲ್ಲಲಿ. ಖಾಯಂ ಕೆಲಸದ ಹೆಂಗಸರ ಮನೆ ಅವರ ಹೆಸರಿಗೇ ಬರೆಯಲಿ ಎಂದು ಬೇಡಿಕೆ ಪಟ್ಟಿಯಲ್ಲಿ ಸೇರಿಸಲಿ. 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ಚಹಾ ತೋಟದ ಹೆಂಗಸರು ಗಂಡಸು ಮುಖಂಡರನ್ನು ದೂರವಿಟ್ಟು ನೂರಕ್ಕೆ 20 ಬೋನಸ್ಸಿಗಾಗಿ ರಸ್ತೆಯಲ್ಲಿ ಕುಳಿತದ್ದು ಯೂನಿಯನ್ನಿನವರಿಗೆ ಮರೆತಿರಲಾರದು.

ದೇವಾಲಯದ ಕಡೆಯಿಂದ ಆಗಬೇಕಾದದ್ದು ಮೊದಲು ಆ ಬೆಂಚನ್ನು ಎತ್ತುವುದು. ಬಂದ ಸೋದರಿಯನ್ನು ಒಬ್ಬಳೇ ಕೂರಿಸಿ, ಹೆಂಗಸರೇ ಮಾತಾಡಿಸಲಿ. ಡಿಸ್ಪೆನ್ಸರಿಗೆ ಕರೆದೊಯ್ದು ಗಾಯವನ್ನು ಬರೆಸಲಿ, "ಜಾರಿ ಬಿದ್ದಳು" ಎಂದು ಬರೆಸುವುದು ಬೇಡ. ಆ ರಾತ್ರಿ ಮಲಗಲು ಜಾಗ ಕೊಡುವ ಮನೆಗಳ ಹೆಸರು ಸಿಸ್ಟರ್‌ಗಳ ಬಳಿ ಇರಲಿ, ಪೂಜೆಯಲ್ಲಿ ಓದುವುದು ಬೇಡ. ಮದುವೆಗೆ ತಯಾರಾಗುವ ಹುಡುಗನಿಗೆ ಪ್ರಾರ್ಥನೆಗಳನ್ನು ಒಪ್ಪಿಸು ಎನ್ನುವಾಗಲೇ, ಹೊಡೆದರೆ ಸಭೆ ನಿನ್ನ ಪಕ್ಕ ನಿಲ್ಲುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿ.

ಹೊಡೆದವನಿಗೆ ಪಾಪನಿವೇದನೆ ಇದ್ದೇ ಇದೆ. ಆದರೆ ಜಕ್ಕಾಯ ತಪ್ಪಾಯಿತು ಎಂದು ಸುಮ್ಮನಾಗಲಿಲ್ಲ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಎಲ್ಲರ ಮುಂದೆ ನಿಂತು ಹೇಳಿದ. ಈತನೂ ಸಂಬಳ ಮನೆಗೆ ಕೊಡಲಿ, ಕುಡಿತಕ್ಕೆ ಚಿಕಿತ್ಸೆ ಪಡೆಯಲಿ, ಅವಳು ಒಪ್ಪುವ ತನಕ ಬೇರೆ ಇರಲಿ. ಅಲ್ಲಿಯ ತನಕ ವಾಚನ ಓದುವುದು, ಕಾಣಿಕೆ ತಟ್ಟೆ ಹಿಡಿಯುವುದು, ಹಬ್ಬದ ಕಮಿಟಿಯಲ್ಲಿ ಕೂರುವುದು ಬೇರೆಯವರ ಕೆಲಸವಾಗಲಿ.