ಪೆಟ್ಟಿಗೆ ಅವರ ಮನೆಯಲ್ಲಿ, ಬೀಗದ ಕೈ ನಿಮ್ಮ ಸೆರಗಿನಲ್ಲಿ



ಮನೆಯ ಪಾಸ್‌ವರ್ಡುಗಳನ್ನೆಲ್ಲ ಎಲ್ಲಿ ಬರೆದಿಟ್ಟಿದ್ದೀರಿ? ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲೋ, ಕ್ಯಾಲೆಂಡರಿನ ಹಿಂಬದಿಯಲ್ಲೋ? ಬ್ಯಾಂಕು, ಈಮೇಲು, ಗ್ಯಾಸು, ಕರೆಂಟು ಬಿಲ್ಲು, ಮಕ್ಕಳ ಶಾಲೆಯ ಫೀಸು, ಹೀಗೆ ಇವತ್ತು ಗೃಹಿಣಿಯ ತಲೆಯ ಮೇಲೆ ಹತ್ತಾರು ಪಾಸ್‌ವರ್ಡುಗಳ ಹೊರೆ. ಅಷ್ಟನ್ನು ನೆನಪಿಡುವುದು ಯಾರಿಂದಾದೀತು? ಅದಕ್ಕೇ ಮಗಳ ಹೆಸರು, ಅದರ ಮುಂದೆ ಅವಳು ಹುಟ್ಟಿದ ವರ್ಷ. ಎಲ್ಲ ಕಡೆಗೂ ಅದೊಂದೇ. ಒಂದು ಕಡೆ ಬಯಲಾಯಿತೋ, ಎಲ್ಲ ಬಾಗಿಲೂ ತೆರೆದ ಹಾಗೆಯೇ.

ಇದು ನಮ್ಮೂರಿನ ಹೆಂಗಸರದಷ್ಟೇ ಕಥೆ ಅಂದುಕೊಳ್ಳಬೇಡಿ. 2009ರಲ್ಲಿ ರಾಕ್‌ಯೂ ಎಂಬ ಅಮೆರಿಕದ ಕಂಪನಿಯಿಂದ ಸುಮಾರು 3 ಕೋಟಿ 20 ಲಕ್ಷ ಪಾಸ್‌ವರ್ಡುಗಳು ಕಳುವಾದವು. ಅವನ್ನು ಆ ಕಂಪನಿ ಯಾವ ಮರೆಯೂ ಇಲ್ಲದೆ, ಬರೆದದ್ದು ಬರೆದ ಹಾಗೆಯೇ ಇಟ್ಟಿತ್ತು. ತೆರೆದು ನೋಡಿದರೆ ಸುಮಾರು 2 ಲಕ್ಷ 90 ಸಾವಿರ ಮಂದಿಯ ಪಾಸ್‌ವರ್ಡ್ 123456!

ಹಾಗಾದರೆ ಏನು ಮಾಡೋಣ? ಪಾಸ್‌ವರ್ಡುಗಳನ್ನೆಲ್ಲ ಒಂದೇ ಕಡೆ ಇಡುವ ಪೆಟ್ಟಿಗೆಗಳಿವೆ. ಪಾಸ್‌ವರ್ಡ್ ಮ್ಯಾನೇಜರ್ ಅನ್ನುತ್ತಾರೆ. ಬಿಟ್‌ವಾರ್ಡನ್ ಅಂಥದ್ದೊಂದು; ಹಣ ಕೊಡದೆಯೂ ಬಳಸಬಹುದು. "ಅಯ್ಯೋ, ಗುಟ್ಟನ್ನೆಲ್ಲ ಗುರುತಿಲ್ಲದವರ ಕೈಗೆ ಕೊಡುವುದೇ?" ಅಂತ ನೀವು ಕೇಳಿಯೇ ಕೇಳುತ್ತೀರಿ. ಕೇಳಬೇಕಾದ್ದೇ. ಅದಕ್ಕೆ ಉತ್ತರವೇ ಜೀರೋ ನಾಲೆಜ್ ಎನ್‌ಕ್ರಿಪ್ಷನ್. ಹೆಸರು ದೊಡ್ಡದು, ವಿಷಯ ಸರಳ. ಪೆಟ್ಟಿಗೆ ಇಟ್ಟುಕೊಂಡವನಿಗೆ ಅದರೊಳಗೆ ಏನಿದೆ ಎಂಬುದೇ ಗೊತ್ತಿರುವುದಿಲ್ಲ.

ಊರಿಗೆ ಹೋಗುವಾಗ ಟ್ರಂಕಿಗೆ ಬೀಗ ಹಾಕಿ ಪಕ್ಕದ ಮನೆಯಲ್ಲಿಟ್ಟು, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟ ಹಾಗೆ ಇದು. ಟ್ರಂಕು ಅವರಲ್ಲಿ, ಕೀಲಿ ನಿಮ್ಮಲ್ಲಿ. ನೀವು ಒಂದೇ ಒಂದು ದೊಡ್ಡ ಪಾಸ್‌ವರ್ಡನ್ನು ನೆನಪಿಟ್ಟುಕೊಂಡರೆ ಸಾಕು. ಅದಕ್ಕೆ ಮಾಸ್ಟರ್ ಪಾಸ್‌ವರ್ಡ್ ಅಂತ ಹೆಸರು. ನಿಮ್ಮ ಮೊಬೈಲು ಅದನ್ನು ಲಕ್ಷಾಂತರ ಸಲ ಅರೆದು ಕೀಲಿ ತಯಾರಿಸುತ್ತದೆ. ಹೀಗೆ ಅರೆಯುವ ಲೆಕ್ಕವನ್ನು ಬಿಟ್‌ವಾರ್ಡನ್ 2023ರಲ್ಲಿ 6 ಲಕ್ಷ ಸಲಕ್ಕೆ ಏರಿಸಿತು. ಬೀಗ ಬೀಳುವುದು ನಿಮ್ಮ ಮೊಬೈಲಿನಲ್ಲೇ. ಹೊರಗೆ ಹೋಗುವುದು ಬೀಗ ಹಾಕಿದ ಪೆಟ್ಟಿಗೆ ಮಾತ್ರ. ಬಂದವರು ನೀವೇ ಎಂದು ಗುರುತಿಸಲು ಕಂಪನಿಗೆ ಸಿಗುವುದು ಅರೆದ ಹಿಟ್ಟು. ಹಿಟ್ಟು ನೋಡಿ ಅಕ್ಕಿಯನ್ನು ಗುರುತಿಸಬಹುದು. ಹಿಟ್ಟನ್ನು ಮತ್ತೆ ಅಕ್ಕಿ ಮಾಡಲಾದೀತೇ?

ಇಷ್ಟಾದರೂ ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ದರೆ? ಅದೂ ಆಗಿದೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥದೇ ಕಂಪನಿಯಿಂದ ಗಿರಾಕಿಗಳ ಪೆಟ್ಟಿಗೆಗಳ ಪ್ರತಿಗಳು ಕಳುವಾದವು. ಒಳಗಿದ್ದ ಪಾಸ್‌ವರ್ಡುಗಳಿಗೆ ಬೀಗವಿತ್ತು, ಕೀಲಿ ಕಂಪನಿಯ ಬಳಿ ಇರಲೇ ಇಲ್ಲ. ಆದರೆ ಯಾರು ಯಾವ ಯಾವ ತಾಣಗಳಿಗೆ ಹೋಗುತ್ತಾರೆಂಬ ವಿಳಾಸಗಳು ಬೀಗದ ಹೊರಗೇ ಇದ್ದವು. ಇನ್ನೊಂದು ಮಾತು: ಪೆಟ್ಟಿಗೆ ಕಳ್ಳನ ಮನೆ ಸೇರಿದ ಮೇಲೆ ಅವನಿಗೆ ಅವಸರವಿಲ್ಲ. ಒಂದೊಂದೇ ಕೀಲಿ ಹಾಕಿ ನೋಡುತ್ತಾ ಕೂರಬಹುದು. ಮಾಸ್ಟರ್ ಪಾಸ್‌ವರ್ಡ್ ಗಟ್ಟಿಯಿದ್ದವರು ಬಚಾವು, ಮಗಳ ಹೆಸರು ಇಟ್ಟವರಿಗೆ ಕಷ್ಟ.

ಗಟ್ಟಿ ಕೀಲಿಯನ್ನು ಹೀಗೆ ಮಾಡಿಕೊಳ್ಳಿ. ಕಣ್ಣು ಮುಚ್ಚಿ ನಿಘಂಟನ್ನು ಐದು ಸಲ ತೆರೆಯಿರಿ. ಬೆರಳು ಬಿದ್ದ ಕಡೆಯ ಐದು ಪದಗಳನ್ನು ಆರಿಸಿಕೊಳ್ಳಿ. 'ಒರಳು ನವಿಲು ಪಂಚೆ ಮಿಂಚು ಬಸಳೆ' ಅನ್ನುವ ಹಾಗೆ, ಒಂದಕ್ಕೊಂದು ಸಂಬಂಧವಿರಬಾರದು. (ಇದನ್ನೇ ಇಟ್ಟುಕೊಂಡೀರಿ ಮತ್ತೆ, ಈಗ ಊರಿಗೆಲ್ಲ ಗೊತ್ತಾಯಿತು!) ಗಾದೆ, ಸಿನಿಮಾ ಹಾಡು, ದೇವರನಾಮದ ಸಾಲು ಬೇಡ, ಅವು ಕಳ್ಳನಿಗೂ ಬಾಯಿಪಾಠ. ನಾಲ್ಕು ದಿನ ಒಗ್ಗರಣೆ ಹಾಕುವಾಗ ಮನಸ್ಸಿನಲ್ಲೇ ಹೇಳಿಕೊಂಡರೆ ತಾನಾಗಿ ನಾಲಿಗೆಗೆ ಹತ್ತುತ್ತದೆ.

ಇನ್ನು ಮುಖ್ಯವಾದ ಎಚ್ಚರಿಕೆ. ಬ್ಯಾಂಕಿನ ಲಾಕರಿನ ಕೀಲಿ ಕಳೆದರೆ ಬ್ಯಾಂಕಿನವರು ನಿಮ್ಮೆದುರಿಗೇ ಒಡೆಸಿ ಕೊಡುತ್ತಾರೆ. ಇಲ್ಲಿ ಒಡೆಯುವವರೇ ಇಲ್ಲ. ನೀವು ಮರೆತರೆ ಕಂಪನಿಯವರ ಕಾಲು ಹಿಡಿದರೂ ಪ್ರಯೋಜನವಿಲ್ಲ. ಅವರಿಗೆ ನಿಜಕ್ಕೂ ಗೊತ್ತಿಲ್ಲವಲ್ಲ! ವಾಟ್ಸಾಪಿನಲ್ಲೂ ಹೀಗೆಯೇ. ಅದರ ಬ್ಯಾಕಪ್ಪಿಗೆ ನಿಮ್ಮದೇ ಬೀಗ ಹಾಕುವ ಅನುಕೂಲ 2021ರಲ್ಲಿ ಬಂತು. ಸೆಟ್ಟಿಂಗ್ಸಿಗೆ ಹೋಗಿ ನೀವೇ ಅದನ್ನು ಹಾಕಿಕೊಳ್ಳಬೇಕು. ಅದರ ಪಾಸ್‌ವರ್ಡ್ ಮರೆತು ಫೋನೂ ಕಳೆದುಹೋದರೆ ಮೊಮ್ಮಗುವಿನ ಫೋಟೋಗಳು ಹೋದವು ಅಂತಲೇ ತಿಳಿಯಿರಿ.

ಆದ್ದರಿಂದ ಮಾಸ್ಟರ್ ಪಾಸ್‌ವರ್ಡನ್ನು ಒಂದು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಒಡವೆ ಮತ್ತು ಮನೆಪತ್ರ ಇಡುವ ಜಾಗದಲ್ಲೇ ಇಡಿ. ದೂರದ ದೇಶದ ಕಳ್ಳ ನಿಮ್ಮ ಬೀರುವಿಗೆ ಕೈ ಹಾಕಲಾರ. ಲಕೋಟೆ ಎಲ್ಲಿದೆ ಎಂಬುದು ನಿಮಗೆ ಪೂರ್ತಿ ನಂಬಿಕೆಯಿರುವ ಒಬ್ಬರಿಗೆ ತಿಳಿದಿರಲಿ. ಗಂಡನೋ, ಮಗಳೋ, ತಂಗಿಯೋ, ಅದು ನಿಮ್ಮ ಇಷ್ಟ. ಮನೆಯವರ ಪೆಟ್ಟಿಗೆಯ ಕೀಲಿ ಎಲ್ಲಿದೆ ಎಂದು ನೀವೂ ಕೇಳಿಟ್ಟುಕೊಳ್ಳಿ. ಕೇಳಲು ಸಂಕೋಚ ಬೇಡ. ಯಜಮಾನರು ಹಠಾತ್ತನೆ ತೀರಿಕೊಂಡರೆ, ವಿಮೆ ಎಲ್ಲಿದೆ, ಠೇವಣಿ ಎಷ್ಟಿದೆ ಎಂದು ತಿಳಿಯದೆ ದುಃಖದ ನಡುವೆಯೇ ಕಚೇರಿಯಿಂದ ಕಚೇರಿಗೆ ಅಲೆಯುವ ಪಾಡು ಯಾರಿಗೂ ಬೇಡ.

ಕೊನೆಗೊಂದು ಮಾತು. ಬೀಗ ಎಷ್ಟೇ ಗಟ್ಟಿಯಿರಲಿ, ನೀವೇ ಕೀಲಿ ಕೊಟ್ಟರೆ ಅದೇನು ಮಾಡೀತು? "ಬ್ಯಾಂಕಿನಿಂದ ಮಾತಾಡ್ತಿದ್ದೀವಿ ಮೇಡಂ, ಓಟಿಪಿ ಹೇಳಿ" ಅಂದವರಿಗೆ ಉತ್ತರ ಕೊಡದೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ಅಳುತ್ತಾ ಕೂರದೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಇವತ್ತು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮೊದಲು ಈಮೇಲಿನ ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಉಳಿದವನ್ನು ಮರೆತಾಗ ಹೊಸದು ಬರುವುದು ಅದಕ್ಕೇ. ಆಮೇಲೆ ಬ್ಯಾಂಕಿನದು. ಉಳಿದದ್ದನ್ನು ದಿನಕ್ಕೊಂದರಂತೆ ಮಾಡಿ ಮುಗಿಸಿ.