ಬೋಲ್ಟು ಬಿಚ್ಚಲು ಬಲಕ್ಕಿಂತ ತಾಳ್ಮೆ ಮೇಲು



ಮುಂಗಾರಿಗೆ ಮೊದಲೇ ಅಡಿಕೆಗೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಬಿಡದೆಂದು ನಮಗೆಲ್ಲ ಗೊತ್ತು. ಆದರೆ ಸ್ಪ್ರೇಯರಿನ ಇಂಜಿನ್ನನ್ನು ನಾವು ಮುಟ್ಟುವುದು ಮೋಡ ಕಟ್ಟಿದ ಮೇಲೆ. ಒಮ್ಮೆ ನಾನೂ ಹಾಗೆಯೇ ಮಾಡಿ, ತುಕ್ಕು ಹಿಡಿದ ಸೈಲೆನ್ಸರ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಅದಕ್ಕೆ ಪೈಪು ತೂರಿಸಿ ಎಳೆದೆ. ಬೋಲ್ಟು ತುಂಡಾಯಿತು. ಇಂಜಿನ್ ಪೇಟೆಯಿಂದ ರಿಪೇರಿಯಾಗಿ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಕೆಳಗಿನ ತೋಟದ ಕಾಯೆಲ್ಲ ಉದುರಿತು.

ಪೈಪು ಹಾಕಿ ಎಳೆಯುವುದನ್ನು ನಾವು ಬಿಡಲೇಬೇಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಥ್ರೆಡ್ಡು ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ಸಂದಿಗೆ ಡೀಸೆಲ್ ಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹಗುರವಾಗಿ ಹತ್ತಾರು ಪೆಟ್ಟು ಕೊಟ್ಟು, ತುಸು ಬಿಗಿದು, ತುಸು ಸಡಿಲಿಸಿ ಹಿಂದೆಮುಂದೆ ತಿರುಗಿಸಿ. ತಲೆಯಿಲ್ಲದ ಸ್ಟಡ್ಡಿಗೆ ಎರಡು ನಟ್ಟು ಹಾಕಿ, ಒಂದಕ್ಕೊಂದು ಬಿಗಿದು, ಒಳಗಿನ ನಟ್ಟನ್ನು ಎಡಕ್ಕೆ ತಿರುಗಿಸಿದರೆ ಸ್ಟಡ್ಡೇ ಹೊರಬರುತ್ತದೆ. ಪೆಟ್ರೋಲ್ ಟ್ಯಾಂಕಿನ ಬಳಿ ಬೆಂಕಿ ಮಾತ್ರ ಬೇಡ.

ಇದಕ್ಕೆಲ್ಲ ಬೇಕಾದುದು ಒಂದು ರಾತ್ರಿಯ ಬಿಡುವು. ಆ ಬಿಡುವು ಏಪ್ರಿಲ್ ತಿಂಗಳಲ್ಲಿ ಸಿಗುತ್ತದೆ, ಜೂನ್ ತಿಂಗಳಲ್ಲಿ ಸಿಗದು. ಈಗಲೇ ಇಂಜಿನ್ ಬಿಚ್ಚಿ ನೋಡಿ. ಮತ್ತೆ ಜೋಡಿಸುವಾಗ ಥ್ರೆಡ್ಡಿಗೆ ಗ್ರಾಫೈಟ್ ಗ್ರೀಸ್ ಸವರಲು ಮರೆಯದಿರಿ.

— ಕಾರ್ಯದರ್ಶಿ