ಪಾಯ ತೋಡುವ ಮುನ್ನ ಪಕ್ಕದ ಮನೆಗೆ ಹೇಳಿ

ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಹಿಡಿದು ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗುತ್ತೇವೆ. ಅದೇ ಮನೆಯ ಪಾಯಕ್ಕೆ ಜೆಸಿಬಿ ಬರುವ ಸುದ್ದಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಸದ್ದು ಕೇಳಿದಾಗಲೇ ಪಕ್ಕದವರಿಗೆ ಗೊತ್ತಾಗುವುದು. ಅಷ್ಟರಲ್ಲಿ ನಕ್ಷೆಗೆ ಮಂಜೂರಾತಿ ಸಿಕ್ಕಿ, ಮಾತನಾಡುವ ಕಾಲವೇ ಮುಗಿದಿರುತ್ತದೆ.

ಕಾನೂನಿನಲ್ಲಿ ಪಕ್ಕದವರಿಗೆ ಜಾಗವೇ ಇಲ್ಲ ಎಂದೇನಲ್ಲ. ಮಹಾಯೋಜನೆಯಲ್ಲಿ ವಸತಿಗೆಂದು ಗುರುತಿಸಿದ ಜಾಗವನ್ನು ವಾಣಿಜ್ಯಕ್ಕೆ ಬದಲಿಸುವ ಮುನ್ನ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು ಎನ್ನುತ್ತದೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ. ಆ ಪ್ರಕಟಣೆಯನ್ನು ಎಂದಾದರೂ ನೋಡಿದ್ದೀರಾ? ಕಳೆದುಹೋದ ಅಂಕಪಟ್ಟಿ, ಹೆಸರು ಬದಲಾವಣೆಗಳ ನಡುವೆ ಇರುವೆ ಗಾತ್ರದ ಅಕ್ಷರದಲ್ಲಿ ಸರ್ವೇ ನಂಬರ್, ಗುಂಟೆ, ಚಕ್ಕುಬಂದಿ. ಕೆಲಸದ ಜಾಹೀರಾತಿಗಾಗಿ ಪುಟವಿಡೀ ಜಾಲಾಡುವ ನಮ್ಮಂಥವರ ಕಣ್ಣಿಗೂ ಬೀಳುವುದಿಲ್ಲ. ತಮ್ಮ ಬೀದಿಯ ಸರ್ವೇ ನಂಬರ್ ಎಷ್ಟು ಜನರಿಗೆ ನೆನಪಿದೆ? ಇನ್ನು ಸಾಮಾನ್ಯ ಕಟ್ಟಡ ಪರವಾನಗಿಗೆ ಈ ಕಲಂ ಅನ್ವಯಿಸುವುದೂ ಇಲ್ಲ.

ಸಿವಿಲ್ ಓದುತ್ತಿರುವ ನನಗೆ ಇದು ಬರೀ ಸೌಜನ್ಯದ ವಿಷಯವಾಗಿ ಕಾಣುವುದಿಲ್ಲ. ಆಸರೆ ಕೊಡದೆ ಆಳಕ್ಕೆ ಅಗೆದರೆ ಪಕ್ಕದ ಪಾಯದಡಿಯ ಮಣ್ಣು ಗುಂಡಿಯ ಕಡೆ ಸರಿಯುತ್ತದೆ. ಬಿರುಕು ಬೀಳುವುದು ಅವರ ಗೋಡೆಗೆ. 2020ರ ಜುಲೈನಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ, ಹಿಂದೆ ಕಪಾಲಿ ಚಿತ್ರಮಂದಿರವಿದ್ದ ಜಾಗದಲ್ಲಿ ಹೊಸ ಕಟ್ಟಡಕ್ಕಾಗಿ ಆಳವಾಗಿ ಅಗೆದಿದ್ದಾಗ ಪಕ್ಕದ ಕಟ್ಟಡಗಳು ಕುಸಿದವು. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ನಕ್ಷೆ ಬರೆಯುವವರಿಗೆ ಗೊತ್ತಿಲ್ಲದ್ದು ಪಕ್ಕದ ಮನೆಯ ಅಜ್ಜಿಗೆ ಗೊತ್ತಿರುತ್ತದೆ: ಆ ಮೂಲೆಯಲ್ಲಿ ಹಿಂದೆ ಬಾವಿ ಇತ್ತು, ಮುಚ್ಚಿದ್ದಾರೆ, ನಮ್ಮ ಗೋಡೆಗೆ ಕಲ್ಲಿನ ಪಾಯ, ಎರಡೇ ಅಡಿ. ಕೇಳಿದರೆ ತಾನೇ ಹೇಳುವುದು!

ಇಂಗ್ಲೆಂಡ್‌ನಲ್ಲಿ ಯೋಜನಾ ಅರ್ಜಿ ಬಂದರೆ ಸ್ಥಳೀಯ ಆಡಳಿತ ಆ ಜಾಗದಲ್ಲೇ 21 ದಿನ ನೋಟಿಸ್ ಅಂಟಿಸುತ್ತದೆ, ಇಲ್ಲವೇ ಪಕ್ಕದವರಿಗೆ ಪತ್ರ ಕಳಿಸುತ್ತದೆ. ಅಗೆಯುವುದಕ್ಕೆ ಅಲ್ಲಿ 1996ರ ಪ್ರತ್ಯೇಕ ಕಾಯ್ದೆಯೇ ಇದೆ. ಪಕ್ಕದ ಕಟ್ಟಡದಿಂದ 3 ಮೀಟರ್ ಒಳಗೆ, ಅದರ ಪಾಯಕ್ಕಿಂತ ಆಳಕ್ಕೆ ಹೋಗುವುದಾದರೆ ಕನಿಷ್ಠ ಒಂದು ತಿಂಗಳು ಮೊದಲೇ ಮಾಲೀಕ ಲಿಖಿತವಾಗಿ ತಿಳಿಸಬೇಕು. 30x40 ಸೈಟುಗಳು ಗೋಡೆಗೆ ಗೋಡೆ ತಾಗಿಸಿ ಕಟ್ಟಿಕೊಳ್ಳುವ ನಮ್ಮ ಊರುಗಳಿಗೆ ಈ ನಿಯಮ ಇನ್ನೂ ಹೆಚ್ಚು ಬೇಕು.

ಮೊದಲೇ ಹೇಳಿದರೆ ಹೊಟ್ಟೆಕಿಚ್ಚಿಗೆ ತಕರಾರು ತೆಗೆಯುತ್ತಾರೆ, ದುಡ್ಡು ಕೇಳುತ್ತಾರೆ ಎಂಬ ಭಯವಿದೆ. ಸುಳ್ಳೇನಲ್ಲ, ಅಂಥವರೂ ಇದ್ದಾರೆ. ಆದರೆ ತಿಳಿಸುವುದು ಬೇರೆ, ಒಪ್ಪಿಗೆ ಪಡೆಯುವುದು ಬೇರೆ. ತೀರ್ಮಾನ ಅಧಿಕಾರಿಯದ್ದೇ. ಕಾರಣವಿಲ್ಲದ ಆಕ್ಷೇಪಣೆಯನ್ನು ತಳ್ಳಿಹಾಕಲಿ, ನಿಯಮಕ್ಕೆ ಸಂಬಂಧಿಸಿದ್ದನ್ನು ಪರಿಶೀಲಿಸಲಿ. ಅಗೆಯುವ ಮುನ್ನವೇ ಪಕ್ಕದ ಗೋಡೆಗಳ ಫೋಟೊ ತೆಗೆದಿಟ್ಟರೆ ಹಳೆ ಬಿರುಕನ್ನು ಹೊಸದೆಂದು ತೋರಿಸಿ ಪರಿಹಾರ ಕೇಳುವುದೂ ತಪ್ಪುತ್ತದೆ. ಇದರಿಂದ ಕಟ್ಟುವವರಿಗೂ ಲಾಭವೇ.

ನಗರಸಭೆಗಳು ಮಾಡಬೇಕಾದ್ದು ದೊಡ್ಡದೇನಲ್ಲ. ಅರ್ಜಿ ಬಂದ ಸೈಟಿನಲ್ಲಿ ಎಷ್ಟು ಅಂತಸ್ತು, ಎಷ್ಟು ಆಳ, ಆಕ್ಷೇಪಣೆಗೆ ಕೊನೆ ದಿನ ಯಾವುದು ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದ ಫಲಕ, ತಾಗಿಕೊಂಡ ಮನೆಗಳಿಗೆ ಒಂದೊಂದು ಪತ್ರ. ಆ ಮನೆಯಲ್ಲಿ ಬಾಡಿಗೆಗೆ ಇರುವವರಿಗೂ ಪತ್ರ ಸಿಗಬೇಕು. ಬಿರುಕು ಬಿಟ್ಟ ಗೋಡೆಯ ಕೆಳಗೆ ಮಲಗುವುದು ಅವರೇ. ಅಲ್ಲಿಯವರೆಗೆ, ನಿಮ್ಮ ಬಡಾವಣೆಯ ಭೂ ಬಳಕೆ ಬದಲಾವಣೆಯ ಪ್ರಕಟಣೆ ಕಣ್ಣಿಗೆ ಬಿದ್ದರೆ ಆಕ್ಷೇಪಣೆ ಬರೆಯಲು ವಕೀಲರನ್ನು ಹುಡುಕಬೇಕಿಲ್ಲ. ಸರ್ವೇ ನಂಬರ್, ನಿಮ್ಮ ವಿಳಾಸ, ಆಗುವ ತೊಂದರೆ ಬರೆದು ಸಹಿ ಹಾಕಿ, ಅವಧಿಯೊಳಗೆ ಕಚೇರಿಗೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.